ಹಾಸಿಗೆಯ ತಲೆದೆಸೆಯ ಚೀಟಿ

ನನ್ನ ತಂಗಿಯ ಮೊಮ್ಮಗಳು ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದಾಳೆ. ಕಳೆದ ರಜೆಯಲ್ಲಿ ನಮ್ಮ ಮನೆಗೆ ಬಂದವಳು ನಡುಮನೆಯ ಮೇಜನ್ನು ನನಗೆ ಬಿಟ್ಟುಕೊಡಲೇ ಇಲ್ಲ. ಅದರ ತುಂಬ ಅಮೆರಿಕದ ಆಸ್ಪತ್ರೆಗಳ ಪಟ್ಟಿ. ಯಾವ ಊರಿನಲ್ಲಿ ನಾಲ್ಕು ವಾರ ನಿಂತು ಕೆಲಸ ಕಲಿಯಲು ಅವಕಾಶ ಸಿಕ್ಕೀತು, ಅಲ್ಲಿಯ ಯಾವ ವೈದ್ಯರಿಂದ ಶಿಫಾರಸು ಪತ್ರ ದೊರೆತೀತು, ಮುಂದೆ ರೆಸಿಡೆನ್ಸಿಗೆ ಎಷ್ಟು ಕಡೆ ಅರ್ಜಿ ಹಾಕಿದರೆ ಒಂದಾದರೂ ಫಲಿಸೀತು, ಇದೇ ಹಗಲಿರುಳಿನ ಲೆಕ್ಕ. ಪದವಿ ಇನ್ನೇನು ಕೈಗೆ ಬರುವಾಗ ಈ ಪರದಾಟವೇಕೆ ಎಂದು ಕೇಳಿದೆ. ಓದಿದ್ದು ಬೇರೆ ತಾತ, ರೋಗಿಯ ಪಕ್ಕದಲ್ಲಿ ನಿಲ್ಲುವುದಕ್ಕೆ ಯಾರಾದರೂ ಜಾಗ ಕೊಡಬೇಕಲ್ಲ ಎಂದಳು.

ಆ ಮಾತಿನಿಂದ ನನಗೆ ನೆನಪಾದವಳು ಎಲಿಜಬೆತ್ ಬ್ಲ್ಯಾಕ್‌ವೆಲ್. ಅಮೆರಿಕದಲ್ಲಿ ವೈದ್ಯಪದವಿಯನ್ನು ಪಡೆದ ಮೊದಲ ಹೆಂಗಸು ಎಂದು ಪಾಠದ ಪುಸ್ತಕಗಳು ಆಕೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಪದವಿಯ ಕಥೆ ಸೊಗಸಾದದ್ದೇ, ನಿಜ. ಆದರೆ ಆಕೆಯ ನಿಜವಾದ ಕಷ್ಟ ಪದವಿಗಾಗಿ ಪಟ್ಟದ್ದಲ್ಲ. ರೋಗಿಯ ಪಕ್ಕದ ಆ ಒಂದಡಿ ಜಾಗಕ್ಕಾಗಿ ಪಟ್ಟದ್ದು ಎಂದು ನನಗೆ ತೋರುತ್ತದೆ.

ಎಲಿಜಬೆತ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, 1821ರ ಫೆಬ್ರವರಿ 3ರಂದು. ತಂದೆ ಸಕ್ಕರೆ ಶುದ್ಧಿಮಾಡುವ ಉದ್ಯಮದವನು. 1832ರಲ್ಲಿ ಸಂಸಾರ ಅಮೆರಿಕಕ್ಕೆ ಬಂತು. 1838ರಲ್ಲಿ ಸಿನ್ಸಿನಾಟಿಗೆ ಹೋಗಿ ನೆಲೆಸಿದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡ. ಕೈಯಲ್ಲಿ ಕಾಸಿಲ್ಲ, ಮನೆಯ ತುಂಬ ಮಕ್ಕಳು. ತಾಯಿ ಮತ್ತು ಹಿರಿಯ ಹೆಣ್ಣುಮಕ್ಕಳು ಶಾಲೆಯೊಂದನ್ನು ತೆರೆದು ಸಂಸಾರವನ್ನು ಸಾಗಿಸಿದರು. ಆ ದಿನಗಳಲ್ಲಿ ಎಲಿಜಬೆತ್‌ಗೆ ವೈದ್ಯವೆಂದರೆ ಒಲವಿರಲಿಲ್ಲ. ದೇಹದ ರೋಗರುಜಿನಗಳ ಮಾತೇ ಆಕೆಗೆ ಹೇಸಿಗೆ. ಸಾಯುವ ಸ್ಥಿತಿಯಲ್ಲಿದ್ದ ಗೆಳತಿಯೊಬ್ಬಳು, ತನ್ನನ್ನು ನೋಡಿಕೊಂಡ ವೈದ್ಯರು ಹೆಂಗಸಾಗಿದ್ದರೆ ತಾನು ಪಟ್ಟ ಪಾಡಿನಲ್ಲಿ ಎಷ್ಟೋ ಭಾಗ ತಪ್ಪುತ್ತಿತ್ತೆಂದು ಹೇಳಿ, ನೀನೇಕೆ ಓದಬಾರದೆಂದು ಕೇಳಿದಳಂತೆ. ಆ ಪ್ರಶ್ನೆ ಮುಳ್ಳಿನಂತೆ ಒಳಗೇ ಉಳಿಯಿತು.

ಅಲ್ಲಿಂದ ಮುಂದೆ ಆಕೆ ನಡೆದದ್ದು ಲೆಕ್ಕಾಚಾರದ ದಾರಿ. ಹಣ ಬೇಕು, ಅದಕ್ಕಾಗಿ 1845ರಲ್ಲಿ ಉತ್ತರ ಕೆರೊಲಿನದ ಆಶ್‌ವಿಲ್‌ನಲ್ಲಿ ಉಪಾಧ್ಯಾಯಿನಿಯಾದಳು. ಆ ಶಾಲೆಯ ಮುಖ್ಯಸ್ಥ ಜಾನ್ ಡಿಕ್ಸನ್ ಪಾದ್ರಿಯಾಗುವ ಮೊದಲು ವೈದ್ಯನಾಗಿದ್ದವನು. ಅವನ ಪುಸ್ತಕಗಳು ಓದಲು ಸಿಕ್ಕವು. ಮಾರನೆಯ ವರ್ಷ ಚಾರ್ಲ್ಸ್‌ಟನ್‌ನಲ್ಲಿ ಅವನ ಸಹೋದರ ಸ್ಯಾಮ್ಯುಯಲ್ ಡಿಕ್ಸನ್ ಎಂಬ ಹೆಸರಾಂತ ವೈದ್ಯನ ಆಶ್ರಯ. ಹಗಲು ಸಂಗೀತದ ಪಾಠ, ಉಳಿದ ವೇಳೆ ವೈದ್ಯದ ಓದು. 1847ರಲ್ಲಿ ಫಿಲಡೆಲ್ಫಿಯಕ್ಕೆ ಬಂದು ಅಲ್ಲಿಯ ಕಾಲೇಜುಗಳ ಬಾಗಿಲು ತಟ್ಟಿದಳು. ಒಂದೂ ತೆರೆಯಲಿಲ್ಲ. ಗಂಡಸಿನ ವೇಷ ಹಾಕಿ ಪ್ಯಾರಿಸಿಗೆ ಹೋಗೆಂದು ಹಿತವಾದಿಗಳು ಸಲಹೆಮಾಡಿದರು. ಆಕೆ ಒಪ್ಪಲಿಲ್ಲ. ತನಗೊಬ್ಬಳಿಗೆ ವಿದ್ಯೆ ದೊರೆತರೆ ಸಾಲದು, ಹೆಂಗಸಿಗೆ ದೊರೆಯಿತೆಂದು ಲೋಕಕ್ಕೆ ತಿಳಿಯಬೇಕು ಎಂಬುದು ಆಕೆಯ ಹಟ. ಉತ್ತರದ ಸಂಸ್ಥಾನಗಳ ಸಣ್ಣ ಕಾಲೇಜುಗಳ ಪಟ್ಟಿಯನ್ನು ತರಿಸಿ, ಅವುಗಳ ವಿವರಣಪತ್ರಗಳನ್ನು ಓದಿ, ಮೇಲೆಂದು ಕಂಡ ಹನ್ನೆರಡಕ್ಕೆ ಅರ್ಜಿ ಹಾಕಿದಳು. ನಮ್ಮ ಹುಡುಗಿಯ ಮೇಜಿನ ಮೇಲಿರುವುದೂ ಅಂಥದೇ ಪಟ್ಟಿ. ನಡುವೆ ನೂರೆಪ್ಪತ್ತು ವರ್ಷಗಳಿಗೂ ಮೀರಿದ ಅಂತರ, ಅಷ್ಟೆ.

ಒಪ್ಪಿಗೆ ಬಂದದ್ದು ನ್ಯೂಯಾರ್ಕ್ ಸಂಸ್ಥಾನದ ಜಿನೀವ ಎಂಬ ಸಣ್ಣ ಊರಿನ ಕಾಲೇಜಿನಿಂದ. ಅಲ್ಲಿಯ ಅಧ್ಯಾಪಕರಿಗೆ ತಾವಾಗಿ ಬೇಡವೆನ್ನಲು ಸಂಕೋಚ. ವಿದ್ಯಾರ್ಥಿಗಳು ಖಂಡಿತ ಒಪ್ಪಲಾರರೆಂದು ನಂಬಿ ತೀರ್ಮಾನವನ್ನು ಅವರಿಗೇ ಬಿಟ್ಟರು. ಹುಡುಗರಿಗೆ ಇದೊಂದು ತಮಾಷೆಯಾಗಿ ಕಂಡಿತು. ಎಲ್ಲರೂ ಕೂಗಿ ಒಪ್ಪಿದರು. 1847ರ ನವೆಂಬರಿನಲ್ಲಿ ತಮಾಷೆಯೇ ಮೂರ್ತಿಮತ್ತಾಗಿ ತರಗತಿಗೆ ಬಂದು ಕುಳಿತಾಗ ಅವರು ತೆಪ್ಪಗಾದರು. ಊರಿನ ಹೆಂಗಸರು ಮಾತ್ರ ಆಕೆಯನ್ನು ದಾರಿಯಲ್ಲಿ ಕಂಡರೆ ನಿಂತು, ಯಾವುದೋ ವಿಚಿತ್ರಪ್ರಾಣಿಯನ್ನು ನೋಡುವಂತೆ ನೋಡುತ್ತಿದ್ದರು.

ಆಗಿನ ಪದವಿಗೆ ಎರಡು ಅವಧಿಗಳ ಉಪನ್ಯಾಸ ಸಾಕಾಗುತ್ತಿತ್ತು. ಆದರೆ ಉಪನ್ಯಾಸದಲ್ಲಿ ರೋಗಿ ಎಲ್ಲಿ? ಎರಡು ಅವಧಿಗಳ ನಡುವಣ 1848ರ ಬೇಸಗೆಯನ್ನು ಆಕೆ ಫಿಲಡೆಲ್ಫಿಯದ ಬ್ಲಾಕ್ಲಿ ಎಂಬ ಬಡವರ ಧರ್ಮಾಲಯದ ಆಸ್ಪತ್ರೆಯಲ್ಲಿ ಕಳೆಯಲು ನಿಶ್ಚಯಿಸಿದಳು. ಅದರ ಆಡಳಿತ ರಾಜಕೀಯ ಪಕ್ಷಗಳ ಕೈಯಲ್ಲಿತ್ತು. ಎಲಿಜಬೆತ್ ಒಂದೊಂದು ಪಕ್ಷದ ಮುಖಂಡನನ್ನೂ ಬೇರೆ ಬೇರೆಯಾಗಿ ಕಂಡು ಮಾತು ಪಡೆದಳು. ಅರ್ಜಿ ಸಭೆಗೆ ಬಂದ ದಿನ ಪ್ರತಿಯೊಬ್ಬನೂ ಆಕೆಯ ಪರವಾಗಿ ಹೋರಾಡಲು ಸಿದ್ಧನಾಗಿ ಬಂದಿದ್ದ. ಎದುರು ನಿಲ್ಲುವವನೇ ಇರಲಿಲ್ಲ.

ಒಳಗೆ ಹೋದ ಮೇಲಿನದು ಬೇರೆ ಕಥೆ. ಆಕೆಗೆ ದೊರೆತ ಬಿಡಾರ ಗುಹ್ಯರೋಗದ ಹೆಂಗಸರಿದ್ದ ಮೂರನೆಯ ಅಂತಸ್ತಿನಲ್ಲಿ. ಆಕೆ ವಾರ್ಡಿಗೆ ಕಾಲಿಟ್ಟರೆ ಅಲ್ಲಿದ್ದ ತರುಣ ವೈದ್ಯರು ಎದ್ದು ಹೊರಟುಹೋಗುವರು. ಹಾಸಿಗೆಯ ತಲೆದೆಸೆಯಲ್ಲಿ ರೋಗದ ಹೆಸರನ್ನೂ ಕೊಡುತ್ತಿದ್ದ ಚಿಕಿತ್ಸೆಯನ್ನೂ ಬರೆದಿಡುವ ಚೀಟಿ ಇರುತ್ತಿತ್ತಷ್ಟೆ; ಆ ಚೀಟಿಯಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಬಾಗಿಲು ಮುಚ್ಚುವುದಕ್ಕಿಂತ ಇದು ಕ್ರೂರವೆಂದು ನಾನು ಭಾವಿಸುತ್ತೇನೆ. ಬಾಗಿಲು ಮುಚ್ಚಿದವನನ್ನು ದೂರಬಹುದು. ಬರೆಯದೆ ಬಿಟ್ಟ ಚೀಟಿಯನ್ನು ಯಾರ ಮುಂದೆ ಹಿಡಿಯುವುದು? ಆಕೆ ದೂರಲಿಲ್ಲ. ರೋಗವನ್ನು ತಾನೇ ಕಂಡುಕೊಳ್ಳತೊಡಗಿದಳು. ಐರ್ಲೆಂಡಿನ ಕ್ಷಾಮದಿಂದ ಓಡಿಬಂದ ಬಡವರು ಹಡಗಿನಿಂದಿಳಿದು ಟೈಫಸ್ ಜ್ವರದಲ್ಲಿ ನರಳುತ್ತ ಆ ವರ್ಷ ಬ್ಲಾಕ್ಲಿಯನ್ನು ತುಂಬಿದ್ದರು. ಅವರನ್ನು ನೋಡಿ ಬರೆದದ್ದೇ ಆಕೆಯ ಪದವಿಯ ಪ್ರಬಂಧವಾಯಿತು. ಗಾಳಿ, ಬೆಳಕು, ಶುಚಿ ಇವೇ ಅದರ ಮುಖ್ಯ ವಾದ. 1849ರ ಜನವರಿ 23ರಂದು ತರಗತಿಗೇ ಮೊದಲಿಗಳಾಗಿ ಪದವಿ ಪಡೆದಳು.

ಪದವಿ ಬಂತು, ಜಾಗ ಬರಲಿಲ್ಲ. ಶಸ್ತ್ರವೈದ್ಯಳಾಗಬೇಕೆಂಬ ಆಸೆ ಹೊತ್ತು ಪ್ಯಾರಿಸಿಗೆ ಹೋದಳು. ಅಲ್ಲಿ ತೆರೆದಿದ್ದ ಬಾಗಿಲು ಒಂದೇ: ಲಾ ಮಾಟರ್ನಿಟೆ ಎಂಬ ಸರಕಾರಿ ಹೆರಿಗೆ ಆಸ್ಪತ್ರೆ, ಅದೂ ಸೂಲಗಿತ್ತಿಯ ವಿದ್ಯಾರ್ಥಿನಿಯಾಗಿ. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು, 1849ರ ಜೂನ್ 30ರಂದು, ಹಳ್ಳಿಗಾಡಿನಿಂದ ಬಂದ ಎಳೆಯ ಹುಡುಗಿಯರೊಡನೆ ಒಂದೇ ಕೊಠಡಿಯಲ್ಲಿ ಮಲಗಿ, ರಾತ್ರಿಯೆಲ್ಲ ಎದ್ದು ಹೆರಿಗೆ ಮಾಡಿಸತೊಡಗಿದಳು. ಹೊರಗೆ ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ನಮ್ಮಲ್ಲಿ ಪದವೀಧರರು ಒಂದು ಮೆಟ್ಟಿಲು ಇಳಿದು ಕಲಿಯಲು ಒಪ್ಪುವುದು ಅಪರೂಪ, ನಾನಂತೂ ಒಪ್ಪಿರಲಿಲ್ಲ.

ನವೆಂಬರ್ 4ರ ಬೆಳಗಿನ ಜಾವ, ಮಂದ ಬೆಳಕಿನಲ್ಲಿ, ಕೀವುಗಣ್ಣಿನ ಹಸುಗೂಸೊಂದರ ಕಣ್ಣು ತೊಳೆಯುತ್ತಿದ್ದಾಗ ಆ ನೀರು ಆಕೆಯ ಕಣ್ಣಿಗೆ ಸಿಡಿಯಿತು. ಸಂಜೆಯೊಳಗೆ ಕಣ್ಣು ಊದಿತು. ಆಸ್ಪತ್ರೆಯ ತರುಣ ವೈದ್ಯ ಇಪೊಲಿತ್ ಬ್ಲೋ ಹಗಲೂ ರಾತ್ರಿಯೂ ಬಳಿಯಲ್ಲಿದ್ದು ಶುಶ್ರೂಷೆಮಾಡಿದ. ಮೂರು ವಾರ ಎರಡು ಕಣ್ಣೂ ಮುಚ್ಚಿ ಮಲಗಿದ್ದಳು. ಬಲಗಣ್ಣು ಉಳಿಯಿತು, ಎಡಗಣ್ಣು ಹೋಯಿತು, ಮುಂದೆ ಅದನ್ನು ತೆಗೆಸಿ ಗಾಜಿನ ಕಣ್ಣನ್ನು ಇಡಿಸಿಕೊಳ್ಳಬೇಕಾಯಿತು. ಶಸ್ತ್ರವೈದ್ಯದ ಆಸೆ ಅಲ್ಲಿಗೆ ಮುಗಿಯಿತು. ಹುಟ್ಟಿದ ಮಗುವಿನ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಹಾಕಿ ಈ ಬೇನೆಯನ್ನು ತಡೆಯುವ ಉಪಾಯವನ್ನು ಜರ್ಮನಿಯ ಕ್ರೆಡೆ ರೂಢಿಗೆ ತಂದದ್ದು 1880ರ ಸುಮಾರಿನಲ್ಲಿ. ಆಕೆಗೆ ಮೂವತ್ತು ವರ್ಷ ತಡವಾಗಿ.

ಒಂದೇ ಕಣ್ಣಿನಿಂದ 1850ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಗೆ ಹೋದಳು. ಜೇಮ್ಸ್ ಪ್ಯಾಜೆಟ್ ಆದರದಿಂದ ಬರಮಾಡಿಕೊಂಡ. ಎಲ್ಲ ವಾರ್ಡುಗಳೂ ಆಕೆಗೆ ತೆರೆದಿದ್ದವು, ಒಂದನ್ನು ಬಿಟ್ಟು. ಅದು ಯಾವುದೆಂದು ವಾಚಕರು ಊಹಿಸಲಾರರು: ಸ್ತ್ರೀರೋಗಗಳ ವಿಭಾಗ!

1851ರಲ್ಲಿ ನ್ಯೂಯಾರ್ಕಿಗೆ ಮರಳಿದರೆ ಅಲ್ಲಿಯೂ ಅದೇ ಪಾಡು. ಔಷಧಾಲಯವೊಂದರ ಸ್ತ್ರೀವಿಭಾಗದಲ್ಲಿ ಕೆಲಸ ಕೇಳಿದ್ದಕ್ಕೆ, ಬೇಕಾದರೆ ನೀನೇ ಒಂದನ್ನು ಸ್ಥಾಪಿಸಿಕೋ ಎಂಬರ್ಥದ ಉತ್ತರ ಬಂತು. ಆಕೆ ಅದನ್ನೇ ಮಾಡಿದಳು. 1853ರಲ್ಲಿ ಬಡವರ ಕೇರಿಯಲ್ಲಿ ಸಣ್ಣದೊಂದು ಔಷಧಾಲಯ. 1857ರ ಮೇ 12ರಂದು, ತಂಗಿ ಎಮಿಲಿ ಮತ್ತು ಮರೀ ಜಾಕ್‌ಷೆಫ್ಸ್ಕ ಎಂಬ ವೈದ್ಯೆಯೊಡನೆ, ಬಡ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚಿಕಿತ್ಸೆಯಷ್ಟೇ ಅಲ್ಲ. ಪದವಿ ಪಡೆದು ಎಲ್ಲಿಯೂ ನಿಲ್ಲಲು ಜಾಗವಿಲ್ಲದ ಹೆಣ್ಣುಮಕ್ಕಳು ಇಲ್ಲಿಗೆ ಬಂದು, ಹಾಸಿಗೆಯ ಪಕ್ಕದಲ್ಲಿ ನಿಂತು, ಚೀಟಿಯನ್ನು ತಾವೇ ಬರೆದು ಕಲಿಯಬಹುದಾಯಿತು. 1868ರಲ್ಲಿ ಅದಕ್ಕೆ ಸೇರಿದಂತೆ ಸ್ತ್ರೀಯರ ವೈದ್ಯಕೀಯ ಕಾಲೇಜು ಬಂದಾಗ ಪ್ರವೇಶಪರೀಕ್ಷೆಯನ್ನೂ ಮೂರು ವರ್ಷಗಳ ಕ್ರಮವಾದ ಓದನ್ನೂ ಹೊರಗಿನ ಪರೀಕ್ಷಕರನ್ನೂ ಇಟ್ಟಳು. ಹೆಂಗಸರೆಂದು ಸಡಿಲಮಾಡಲಿಲ್ಲ.

ಮಾರನೆಯ ವರ್ಷ ಇಂಗ್ಲೆಂಡಿಗೆ ಹೋದವಳು ಕೊನೆಯವರೆಗೂ ಅಲ್ಲಿಯೇ ನೆಲಸಿದಳು. 1874ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರ ವೈದ್ಯಶಾಲೆ ಆರಂಭವಾದಾಗ ಆಕೆಯ ಕೈಯೂ ಅದರಲ್ಲಿತ್ತು. ನಮ್ಮ ರುಖ್ಮಾಬಾಯಿ ಮುಂದೆ ಓದಿದ್ದು ಅಲ್ಲಿಯೇ. ಆಕೆ ಹೇಳಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ದೇವಿ ಹಾಕಿಸುವುದನ್ನು ವಿರೋಧಿಸಿದಳು. ರೋಗಾಣುಗಳ ಹೊಸ ಶಾಸ್ತ್ರವನ್ನು ಮನಸಾರೆ ನಂಬಲಿಲ್ಲ. ನೀತಿಯ ವಿಷಯದಲ್ಲಿ ಬಲು ಬಿಗಿ. 1910ರ ಮೇ 31ರಂದು ಹೇಸ್ಟಿಂಗ್ಸ್‌ನಲ್ಲಿ ತೀರಿಕೊಂಡಳು. ಸಮಾಧಿ ಸ್ಕಾಟ್ಲೆಂಡಿನ ಕಿಲ್‌ಮನ್ ಎಂಬ ಹಳ್ಳಿಯಲ್ಲಿದೆ.

ಇಷ್ಟನ್ನೂ ನಮ್ಮ ಹುಡುಗಿಗೆ ಒಂದು ರಾತ್ರಿ ಊಟವಾದ ಮೇಲೆ ಹೇಳಿದೆ. ಸುಮ್ಮನೆ ಕೇಳಿದಳು. ಆ ಹನ್ನೆರಡರಲ್ಲಿ ಹೂಂ ಎಂದವು ಎಷ್ಟು ಎಂದು ಮತ್ತೆ ಕೇಳಿದಳು. ಒಂದೇ ಎಂದೆ. ಆಮೇಲೆ ದೀಪದ ಬಳಿಗೆ ಪಟ್ಟಿಯನ್ನು ಎಳೆದುಕೊಂಡು, ಮೊದಲು ಹೊಡೆದುಹಾಕಿದ್ದ ಸಣ್ಣ ಊರುಗಳ ಎರಡು ಆಸ್ಪತ್ರೆಗಳ ಹೆಸರನ್ನು ಕೆಳಗೆ ಮತ್ತೆ ಬರೆದುಕೊಂಡಳು.