ಹಸಿವಿಗೆ ರಂಗವೇರಿಸಿದ ಬಿಜನ್

1943ರ ಬಂಗಾಳದ ಕ್ಷಾಮ ಸುಮಾರು 30 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಕಲ್ಕತ್ತೆಯ ಬೀದಿಗಳಲ್ಲಿ ಅನ್ನವಿರಲಿ, ಬಸಿದ ಗಂಜಿಗಾಗಿ ಅಂಗಲಾಚುತ್ತಿದ್ದ ರೈತರನ್ನು ಕಂಡ ಬಿಜನ್ ಭಟ್ಟಾಚಾರ್ಯರು ನಾಟಕ ರಚನೆಗೆ ಕೈಹಾಕಿದರು.

ಫರೀದ್‌ಪುರ ಜಿಲ್ಲೆಯಲ್ಲಿ ಹುಟ್ಟಿದ ಅವರಿಗೆ ಹಳ್ಳಿಯ ನುಡಿ ಕರಗತವಾಗಿತ್ತು. ‘ಆಗುನ್’, ‘ಜಬಾನ್‌ಬಂದಿ’ ಬೆನ್ನುಬೆನ್ನಿಗೆ ಬಂದವು. ಭಾರತೀಯ ಜನನಾಟ್ಯ ಸಂಘದ ತಂಡಗಳು ಹೀಗೆ ಅವಸರದಲ್ಲಿ ಕಟ್ಟಿದ ನಾಟಕ, ಹಾಡುಗಳೊಡನೆ ಊರೂರು ಸುತ್ತಿ ಪರಿಹಾರನಿಧಿ ಕೂಡಿಸಿದವು. 1944ರ ಅಕ್ಟೋಬರ್‌ನಲ್ಲಿ ಶ್ರೀರಂಗಂ ರಂಗಮಂದಿರದಲ್ಲಿ ಸುಗ್ಗಿಯ ಹಬ್ಬದ ಹೆಸರಿನ ‘ನಬಾನ್ನ’ ಪ್ರದರ್ಶನಗೊಂಡಿತು. ಹಿನ್ನೆಲೆಗೆ ಬರಿಯ ಗೋಣಿತಟ್ಟು. ಶಂಭು ಮಿತ್ರರೊಡನೆ ನಿರ್ದೇಶಿಸಿದ ಬಿಜನ್ ತಾವೇ ವೃದ್ಧ ರೈತ ಪ್ರಧಾನನಾದರು.

ಆ ನಾಟಕ ಕರುಣೆಯನ್ನಷ್ಟೇ ಬೇಡಲಿಲ್ಲ; ಅಕ್ಕಿಯನ್ನು ಬಚ್ಚಿಟ್ಟ ದಾಸ್ತಾನುಕೋರರತ್ತಲೂ ಬೆರಳು ತೋರಿತು. ಧಾನ್ಯದ ಅಭಾವಕ್ಕಿಂತ ಬಡವರ ಕೊಳ್ಳುವ ಶಕ್ತಿಯ ಕುಸಿತವೇ ಕ್ಷಾಮದ ಮೂಲವೆಂದು ಅಮರ್ತ್ಯ ಸೇನ್ 1981ರ ಗ್ರಂಥದಲ್ಲಿ ವಾದಿಸಿದರು. ಹಸಿವು ಪ್ರಕೃತಿಯ ಶಾಪವಷ್ಟೇ ಅಲ್ಲವೆಂಬುದನ್ನು ರಂಗಭೂಮಿ ಅದಕ್ಕೂ ಮುನ್ನವೇ ಗ್ರಹಿಸಿತ್ತು.

ಋತ್ವಿಕ್ ಘಟಕ್‌ರ ‘ಮೇಘೆ ಢಾಕಾ ತಾರಾ’ (1960) ಚಿತ್ರದಲ್ಲಿ ತಂದೆಯಾಗಿ ನಟಿಸಿದ ಬಿಜನ್, 1978ರಲ್ಲಿ ನಿಧನರಾದರು. ಪರಿಹಾರನಿಧಿ ಅಂದಿನ ಹಸಿವಿಗೆ ಖರ್ಚಾಗುತ್ತದೆ. ಆ ಹಸಿವು ಏಕೆ ಬಂತೆಂದು ದಾನಿಯನ್ನೂ ಯೋಚನೆಗೆ ಹಚ್ಚಿದ್ದು ಬಿಜನ್‌ರ ಹಿರಿಮೆ.