ಕೋಳಿಗೂಡಿನ ಸ್ಟುಡಿಯೋ

ಪುಣೆಯಲ್ಲಿ ಶನಿವಾರ ಬಂತೆಂದರೆ ನಾವು ನಾಲ್ಕು ಜನ ಕ್ಯಾಮೆರಾ ಹಿಡಿದು ಹೊರಡುತ್ತೇವೆ. ಪೋರ್ಟ್ರೇಟ್‌ಗೆ 50 ಎಂಎಂ ಲೆನ್ಸೋ, 85 ಎಂಎಂ ಲೆನ್ಸೋ ಎಂಬ ವಾದ ಶುರುವಾದಾಗಲೆಲ್ಲ ನನಗೆ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ನೆನಪಾಗುತ್ತಾರೆ. (ಹೆಸರಿನಲ್ಲೇ ಕ್ಯಾಮೆರಾ! ಆದರೆ ಅದು ಗಂಡನ ಮನೆತನದ ಹೆಸರು.)

ಅವರು ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. ಗಂಡ ಚಾರ್ಲ್ಸ್ ಕಾನೂನು ಪಂಡಿತರು, ಸಿಲೋನಿನಲ್ಲಿ ಕಾಫಿ ತೋಟಗಳಿದ್ದವು. 1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಮುಂದೆ ಐಲ್ ಆಫ್ ವೈಟ್ ದ್ವೀಪದಲ್ಲಿ ಕೊಂಡ ಮನೆಗೆ ಸಿಲೋನ್ ತೋಟದ ಡಿಂಬೋಲಾ ಎಂಬ ಹೆಸರನ್ನೇ ಇಟ್ಟರು, ನಾವು ಫ್ಲಾಟಿನ ಬಾಗಿಲಿಗೆ ಊರಿನ ಹೆಸರು ಹಾಕಿಸಿಕೊಳ್ಳುವ ಹಾಗೆ.

1863ರ ಡಿಸೆಂಬರ್. ಗಂಡ ಸಿಲೋನಿಗೆ ಹೋಗಿದ್ದರು. ಒಂಟಿಯಾಗಿದ್ದ ತಾಯಿಗೆ ಬೇಸರ ಕಳೆಯಲೆಂದು ಮಗಳು, ಅಳಿಯ ಒಂದು ಕ್ಯಾಮೆರಾ ಕೊಟ್ಟರು. ಆಗ ಜೂಲಿಯಾಗೆ 48 ವರ್ಷ. ಕೋಳಿಗೂಡು ಸ್ಟುಡಿಯೋ ಆಯಿತು, ಕಲ್ಲಿದ್ದಲಿನ ಕೋಣೆ ಡಾರ್ಕ್‌ರೂಮ್ ಆಯಿತು. ಮನೆಗೆಲಸದ ಮೇರಿ ಹಿಲಿಯರ್ ಎಷ್ಟೋ ಚಿತ್ರಗಳಲ್ಲಿ ಮಾತೆ ಮೇರಿಯಾಗಿ ಕುಳಿತರು.

ಮೊದಲ ಲೆನ್ಸ್ ಪೆಟ್ಸ್‌ವಾಲ್ ಮಾದರಿಯದು, ಫೋಕಲ್ ಲೆಂತ್ 12 ಇಂಚು. ನಡುವೆ ಚೂಪು, ಅಂಚಿಗೆ ಹೋದಂತೆ ಮಸುಕು. ಇಂದು ಫೋನಿನ ಪೋರ್ಟ್ರೇಟ್ ಮೋಡ್ ಲೆಕ್ಕ ಹಾಕಿ ತರುವ ಮಸುಕನ್ನು ಆ ಗಾಜು ತಾನಾಗಿಯೇ ಕೊಡುತ್ತಿತ್ತು. ಉಳಿದವರು ಪೂರ್ತಿ ಸ್ಪಷ್ಟವಾಗುವ ತನಕ ಫೋಕಸ್ ತಿರುಗಿಸುತ್ತಿದ್ದರೆ, ಇವರು ಕಣ್ಣಿಗೆ ಚೆಂದ ಕಂಡಲ್ಲೇ ನಿಲ್ಲಿಸಿಬಿಡುತ್ತಿದ್ದರು. ಗಾಜಿನ ಪ್ಲೇಟಿನ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಕುಳಿತವರು ನಿಮಿಷಗಟ್ಟಲೆ ಅಲುಗಾಡಬಾರದು. 1866ರಿಂದ 15x12 ಇಂಚಿನ ಪ್ಲೇಟು, 30 ಇಂಚಿನ ಡಾಲ್‌ಮೇಯರ್ ಲೆನ್ಸ್ ಬಂದವು. ಮುಖಗಳು ಹೆಚ್ಚುಕಡಿಮೆ ನಿಜಗಾತ್ರಕ್ಕೆ ಬೆಳೆದವು. 1867ರಲ್ಲಿ ವಿಜ್ಞಾನಿ ಜಾನ್ ಹರ್ಷಲ್ ಅವರ ಬಿಳಿಗೂದಲನ್ನು ತೊಳೆಸಿ, ಕೆದರಿಸಿ, ಕಪ್ಪು ಬಟ್ಟೆ ಹೊದಿಸಿ ತೆಗೆದ ಚಿತ್ರದಲ್ಲಿ ಮುದುಕನ ಒಂದೊಂದು ಸುಕ್ಕೂ ಇದೆ.

ಎಡಿಟಿಂಗ್ ವಿಷಯದಲ್ಲಿ ಅವರದು ಹಟ. ಪ್ಲೇಟಿನ ಮೇಲೆ ಬೆರಳಚ್ಚು, ಗೀರು, ರಾಸಾಯನಿಕದ ಕಲೆ ಇದ್ದರೂ ಪ್ರಿಂಟ್ ಹಾಕುತ್ತಿದ್ದರು. ಫೋಟೊಗ್ರಫಿ ಪತ್ರಿಕೆಗಳು ಇದನ್ನು ಸೋಮಾರಿತನವೆಂದು ಹೀಯಾಳಿಸಿದವು. ಕೆಲವು ಪ್ಲೇಟುಗಳಲ್ಲಿ ನಿಜಕ್ಕೂ ಅಜಾಗರೂಕತೆ ಇತ್ತು ಎಂದೇ ನನಗೂ ಅನಿಸುತ್ತದೆ. ಆದರೆ ಹೋದ ದೀಪಾವಳಿಗೆ ಅಮ್ಮನ ಫೋಟೊ ತೆಗೆದು, ಎರಡು ಗಂಟೆ ಕುಳಿತು ಕಣ್ಣಿನ ಕೆಳಗಿನ ಸುಕ್ಕು, ಗಲ್ಲದ ಮಚ್ಚೆ ಎಲ್ಲ ಅಳಿಸಿ ಕಳಿಸಿದ್ದೆ. ಇದು ಯಾರಪ್ಪಾ ಎಂದು ಅಮ್ಮ ಫೋನಿನಲ್ಲಿ ಕೇಳಿದರು. ಮೂಲ ಫೈಲನ್ನು ನಾನು ಆಗಲೇ ಡಿಲೀಟ್ ಮಾಡಿಯಾಗಿತ್ತು.

ತೋಟದ ಆದಾಯ ಕುಸಿದು ಸಾಲ ಬೆಳೆದಾಗ ಜೂಲಿಯಾ ಚಿತ್ರ ಮಾರಿ ದುಡಿಯಲು ನೋಡಿದರು, ಸಾಕಾಗಲಿಲ್ಲ. 1875ರಲ್ಲಿ ದಂಪತಿ ಸಿಲೋನಿಗೆ ಹೊರಟರು. ಸಾಮಾನಿನ ಜೊತೆ ತಮಗಾಗಿ ಎರಡು ಶವಪೆಟ್ಟಿಗೆಗಳನ್ನೂ ಒಯ್ದರು. ಜೂಲಿಯಾ 1879ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ತೆಗೆದದ್ದು ಕೆಲವೇ ಚಿತ್ರಗಳು, ಹೆಚ್ಚಿನವು ಅಲ್ಲಿನ ಊರವರದು, ಕೂಲಿಗಳದು. ಟೆನಿಸನ್, ಡಾರ್ವಿನ್ ಹೆಸರುಗಳನ್ನು ಚಿತ್ರದ ಕೆಳಗೆ ಬರೆದ ಅವರು ಇವರಲ್ಲಿ ಹೆಚ್ಚಿನವರ ಹೆಸರು ಬರೆದಿಡಲಿಲ್ಲ.