ಹೊರಗೆ ನಿಂತ ಮಕ್ಕಳನ್ನು ಒಳಗೆ ಕರೆದವರು: ಕುದ್ಮುಲ್ ರಂಗರಾಯರು

ಮಕ್ಕಳಿಗೆ ಒಳ್ಳೆಯ ಪ್ರಜೆಗಳಾಗಿ ಅಂತ ಬುದ್ಧಿ ಹೇಳುವುದು ಸುಲಭ. ಆದರೆ ಊರಿನ ಕೆಲವು ಮಕ್ಕಳನ್ನು ಶಾಲೆಯ ಜಗಲಿಗೂ ಹತ್ತಿಸದೆ ನಿಲ್ಲಿಸಿದರೆ ಆ ಮಾತಿಗೆ ಏನು ಬೆಲೆ ಉಂಟು? ಈ ಪ್ರಶ್ನೆಗೆ ಕೆಲಸದಿಂದಲೇ ಉತ್ತರ ಕೊಟ್ಟವರು ಮಂಗಳೂರಿನ ಕುದ್ಮುಲ್ ರಂಗರಾಯರು. ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮಂಗಳೂರಿಗೆ ಬಂದು ಶಾಲಾ ಮಾಸ್ತರರಾದರು. ಆಮೇಲೆ ಓದಿ ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳು ಅವರಿಗೆ ಹಿಡಿಸಿದವು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರಿನವರು ಸುಮ್ಮನಿರಲಿಲ್ಲ. ಕಲಿಸುವ ಮಾಸ್ತರರಿಗೆ ಕಾಟ ಕೊಟ್ಟರು, ಶಾಲೆಗೆ ನೆಲೆ ನಿಲ್ಲಲು ಬಿಡಲಿಲ್ಲ. ಸ್ವಜಾತಿಯವರೇ ರಾಯರಿಗೆ ಬಹಿಷ್ಕಾರ ಹಾಕಿದರು. ರಾಯರು ಜಗ್ಗಲಿಲ್ಲ. ಕೂಲಿ ಬಿಟ್ಟು ಶಾಲೆಗೆ ಬಂದರೆ ಹೊಟ್ಟೆಗೇನು ಎಂಬ ಚಿಂತೆ ಆ ಮನೆಗಳದು. ಅದಕ್ಕೆ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿಸಿದರು. ಬರೀ ಉಪದೇಶದಿಂದ ಮಕ್ಕಳು ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಗಳು ಹೆಚ್ಚಿದವು, ಅಕ್ಷರದ ಜೊತೆ ಕೈಕಸುಬನ್ನೂ ಕಲಿಸಿದರು. ಊರಿನ ಆಡಳಿತದಲ್ಲೂ ದಲಿತರಿಗೆ ಸ್ಥಾನ ಸಿಗಬೇಕೆಂದು ದುಡಿದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು, ಆಗ ಬಾಳು ಸಾರ್ಥಕ ಎಂಬುದು ಅವರ ಆಸೆಯಾಗಿತ್ತು.

ಕೊನೆಯ ದಿನಗಳಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ತೋಟಿ ಸಮುದಾಯದವರೇ ಶವಕ್ಕೆ ಹೆಗಲು ಕೊಟ್ಟರು. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು.

ಸದಸ್ಯ ಬಾಂಧವರೇ, ನಮ್ಮ ಸಂಘದಲ್ಲಿ ಪಾಲು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಈ ಪಾಠ ಮಕ್ಕಳಿಗೆ ಮಹಾಸಭೆಯಲ್ಲಿ ಅಲ್ಲ, ಮನೆಯ ಅಂಗಳದಲ್ಲಿ ಶುರುವಾಗಬೇಕು. ನಮ್ಮ ಮಗು ಯಾರ ಜೊತೆ ಆಡುತ್ತದೆ, ಯಾರ ಪಕ್ಕ ಕೂತು ಉಣ್ಣುತ್ತದೆ? ಅದನ್ನು ನಾವು ತಡೆಯದಿದ್ದರೆ ಅರ್ಧ ಪಾಠ ಕಲಿಸಿದ ಹಾಗೆಯೇ.